ಓರೆ ಮೂತಿಯ ವಿಮಾನ

ನಮ್ಮಕ್ಕನ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ, ಅವಳ ಮೇಲೂ ಸ್ವಲ್ಪ ಇದೆ. ಅವಳಿಂದ ದುಡಿಸಿಕೊಂಡ ದಂತವೈದ್ಯನ ಮೇಲಿದೆ, ತಾಂತ್ರಿಕ ಶಾಲೆಯ ವರ್ಕ್‌ಶಾಪ್ ಮೇಷ್ಟ್ರ ಮೇಲಿದೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲಿದೆ. ನಾನು ಬಡಗಿ. ಮೇಜು, ಕಪಾಟು, ಬಾಗಿಲು ಮಾಡುತ್ತೇನೆ. ಗೋಡೆಯ ಮೇಲಿನ ಪಟ ಕೂದಲೆಳೆಯಷ್ಟು ವಾಲಿದ್ದರೂ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಬೇರೆಯವರ ಮನೆಗೆ ಹೋದಾಗಲೂ ಎದ್ದು ಹೋಗಿ ಅದನ್ನು ಸರಿ ಮಾಡಿ ಬಂದು ಕೂರುತ್ತೇನೆ. ಬೀದಿಯವರು ಬೆನ್ನ ಹಿಂದೆ ನನ್ನನ್ನು 'ಮೂಲೆಮಟ್ಟ' ಎನ್ನುತ್ತಾರೆ. ಎದುರಿಗೇ ಅಂದರೂ ನನಗೆ ಬೇಸರವಿಲ್ಲ. ಮೂಲೆಮಟ್ಟ ಇಟ್ಟು ನೋಡಿದಾಗ ತೊಂಬತ್ತು ಡಿಗ್ರಿ ಬರದ ಮೂಲೆಯನ್ನು ನಾನು ಇವತ್ತಿನವರೆಗೆ ಯಾವ ಗಿರಾಕಿಗೂ ಕೊಟ್ಟಿಲ್ಲ.

ಅಕ್ಕನಿಗೆ ಬಿದ್ದ ಅಡ್ಡಹೆಸರು ಹಲ್ಲಕ್ಕ. ಮೂವತ್ತನಾಲ್ಕು ವರ್ಷ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಕಟ್ಟಿದವಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಒಂದು ಸಿಂಕು, ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಎಲ್ಲದರ ಮೇಲೂ ಒಂದು ಪದರ ಬಿಳಿ ಪ್ಲಾಸ್ಟರ್ ಪುಡಿ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸುತ್ತಿದ್ದರು. ಅಕ್ಕ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಸಣ್ಣ ಚಾಕುವಿನಿಂದ ಕೆತ್ತಿ, ಮತ್ತೆ ಕಾಯಿಸಿ, ಮತ್ತೆ ಕೆತ್ತಿ, ಆ ಬಾಯಿಗೆ ಹೊಂದುವ ಸೆಟ್ ಮಾಡಿ ಹೊರಗೆ ಕಳಿಸುತ್ತಿದ್ದಳು. ಕನ್ನಡಿ ನೋಡಿಕೊಂಡವರು "ಏನು ಕೈಗುಣ ಡಾಕ್ಟ್ರೇ ನಿಮ್ದು!" ಎನ್ನುತ್ತಿದ್ದರು. ಡಾಕ್ಟರು ಹೌದೆಂಬಂತೆ ನಗುತ್ತಿದ್ದರು. ಗೋಡೆಯ ಈಚೆ ಕೂತ ಅಕ್ಕನಿಗೆ ಎಲ್ಲ ಕೇಳಿಸುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ರೋಗಿ ಆ ಬಾಗಿಲು ದಾಟಿ ಬಂದು, ಇದನ್ನು ಮಾಡಿದವರು ಯಾರು ಎಂದು ಕೇಳಲಿಲ್ಲ.

ಒಮ್ಮೆ ಅರ್ಧ ಮುಗಿದ ಸೆಟ್ಟೊಂದನ್ನು ಅವಳು ಮನೆಗೆ ತಂದಿದ್ದಳು. ನಾನು ಕೈಗೆತ್ತಿಕೊಂಡು ನೋಡಿದೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಏರಿ ಕೂತಿತ್ತು.

"ಇದು ಓರೆ ಇದೆಯಲ್ಲ ಅಕ್ಕ."

"ಗೊತ್ತು."

"ಗೊತ್ತಿದ್ದೂ ಬಿಟ್ಟಿದ್ದೀಯಾ?"

"ಬಿಟ್ಟಿಲ್ಲ, ಮಾಡಿದ್ದೀನಿ. ಎಲ್ಲಾ ನೆಟ್ಟಗೆ ನಿಲ್ಲಿಸಿದ್ರೆ ಆ ಅಜ್ಜಿ ನಕ್ಕಾಗ ಬಾಯಲ್ಲಿ ಬೇಲಿ ಹಾಕಿದ ಹಾಗೆ ಕಾಣುತ್ತೆ. ಕೊಡಿಲ್ಲಿ, ನಿನಗೆ ಅರ್ಥ ಆಗಲ್ಲ."

ಅರ್ಥವಾಗಲಿಲ್ಲ, ನಿಜ. ಕೈ ಸೋತಿದ್ದಕ್ಕೆ ಸಬೂಬು ಹೇಳುತ್ತಿದ್ದಾಳೆ ಎಂದುಕೊಂಡೆ.

ನನ್ನ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕನನ್ನು ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವವನು ನಾನು. ಅವಳಿಗೆ ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾಳೆ. ಮಂಡಿ ನೋವೆಂದು ಡಾಕ್ಟರ ಹತ್ತಿರ ಹೋದಾಗ "ಎಲ್ಲಮ್ಮ ನೋವು?" ಎಂದು ಅವರು ಅವಳನ್ನು ಕೇಳಿದರೆ, "ಬಲ ಮಂಡಿ ಡಾಕ್ಟ್ರೇ, ಮೆಟ್ಟಿಲು ಇಳಿಯುವಾಗ ಜಾಸ್ತಿ" ಎಂದು ಹೇಳಿದವನು ನಾನು. ನೋವಿದ್ದದ್ದು ಎಡ ಮಂಡಿಯಲ್ಲಿ. ಮನೆಗೆ ಬಂದ ಮೇಲೆ ಅಕ್ಕನ ಕೈಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು.

ಐವತ್ತೆಂಟರ ವಯಸ್ಸಿನಲ್ಲಿ ಅವಳ ಕೆಲಸ ಹೋಯಿತು. ಡಾಕ್ಟರು ಇನ್ನು ಮುಂದೆ ಹಲ್ಲಿನ ಸೆಟ್ಟುಗಳನ್ನು ಎಲ್ಲೋ ಮಷೀನಿನಲ್ಲಿ ಮಾಡಿಸುತ್ತಾರಂತೆ. "ನಾಳೆಯಿಂದ ಬರೋದು ಬೇಡಮ್ಮ" ಎಂದು ಅವರು ಹೇಳಿದ್ದು ಕೂಡ ಬಾಗಿಲಲ್ಲೇ ನಿಂತು. ಆ ಕೋಣೆಯೊಳಗೆ ಬಂದು ಹೇಳುವಷ್ಟು ಕೂಡ ಅವರ ಕಾಲು ಸವೆಯಲಿಲ್ಲ. ಅಕ್ಕ ತನ್ನ ಮೇಣದ ಚಾಕುಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು, ರೋಗಿಗಳು ಕಾಯುವ ಕೋಣೆಯಲ್ಲಿ ರದ್ದಿಗೆಂದು ಕಟ್ಟಿಟ್ಟಿದ್ದ ಹಳೇ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ಯಾಕೆ ತಂದೆ ಎಂದರೆ, "ಏನೋ ಒಂದು ಅಲ್ಲಿಂದ ಎತ್ಕೊಂಡು ಬರಬೇಕು ಅನ್ನಿಸ್ತು" ಎಂದಳು. ಅವಳು ಅಳಲಿಲ್ಲ. ಒಂದು ವರ್ಷ ಉರಿದಳು. ಮನೆಯಲ್ಲಿ ಬಾಗಿಲು ಮೆಲ್ಲಗೆ ಹಾಕಿದ್ದು ಯಾರಿಗೂ ನೆನಪಿಲ್ಲ.

ಆ ಪತ್ರಿಕೆಗಳಲ್ಲೊಂದರ ನಡುವೆ ನಾಲ್ಕು ಮಡಿಕೆ ಮಾಡಿದ ದೊಡ್ಡ ಹಾಳೆಯಿತ್ತು. ಹಳೇ ಕಾಲದ, ಒಬ್ಬನೇ ಕೂರುವ, ರೆಕ್ಕೆಯ ಮೇಲೊಂದು ರೆಕ್ಕೆ ಇರುವ ವಿಮಾನದ ನಕ್ಷೆ. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ಕಡ್ಡಿಗಳಲ್ಲಿ ಹಂದರ ಕಟ್ಟಿ, ಮೇಲೆ ತೆಳು ಕಾಗದ ಹೊದಿಸಿ, ಹೊಟ್ಟೆಯೊಳಗೆ ರಬ್ಬರ್ ಪಟ್ಟಿ ತಿರುಚಿ ಬಿಟ್ಟರೆ ಅದು ಹಾರುತ್ತದೆ ಎಂದು ಬರೆದಿತ್ತು. ಅಕ್ಕ ಆ ಹಾಳೆಯನ್ನು ಮೂರು ದಿನ ಗೋಡೆಗೆ ಅಂಟಿಸಿಕೊಂಡು ದಿಟ್ಟಿಸಿದಳು. ನಾಲ್ಕನೆಯ ದಿನ ನನ್ನ ಅಂಗಡಿಗೆ ಬಂದು, "ಒಂದು ಚೂರೂ ಡೊಂಕಿಲ್ಲದ ಹಲಗೆ ಬೇಕು" ಎಂದಳು. ಅಕ್ಕ ಜೀವನದಲ್ಲಿ ನನ್ನನ್ನು ಕೇಳಿದ ಮೊದಲ ವಸ್ತು ಅದು. ಅಂಗಡಿಯ ಒಂದು ಮೂಲೆಯನ್ನೇ ಬಿಟ್ಟುಕೊಟ್ಟೆ.

ಆ ಕೆಲಸ ನೋಡಬೇಕಿತ್ತು ನೀವು. ನನ್ನ ಕಟ್ಟಿಗೆ ಎತ್ತಬೇಕಾದರೆ ಸೊಂಟ ಹಿಡಿಯುತ್ತದೆ; ಅವಳದ್ದು ಉಫ್ ಎಂದರೆ ಮೇಜಿನಿಂದ ಹಾರಿಹೋಗುತ್ತದೆ. ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕಡ್ಡಿಗಳನ್ನು ಗುಂಡುಸೂಜಿಗಳ ನಡುವೆ ಸಿಕ್ಕಿಸಿ, ಕೀಲು ಕೀಲಿಗೂ ಸೂಜಿಮೊನೆಯಷ್ಟೇ ಗೋಂದು. ಗೋಂದು ಹೆಚ್ಚಾದರೆ ತೂಕ ಹೆಚ್ಚು, ತೂಕ ಹೆಚ್ಚಾದರೆ ಹಾರುವುದಿಲ್ಲ. ಹಲ್ಲು ಕೆತ್ತುತ್ತಿದ್ದ ಅದೇ ಚಾಕುಗಳಿಂದ ರೆಕ್ಕೆಯ ಪಕ್ಕೆಲುಬುಗಳನ್ನು ಕೊಯ್ದಳು, ಒಂದು ರೆಕ್ಕೆಗೆ ಹನ್ನೆರಡು, ನಾಲ್ಕು ತುಂಡು ರೆಕ್ಕೆ. ಕಾಗದ ಹೊದಿಸಿದ ಮೇಲೆ ನೀರಿನ ತುಂತುರು ಹಾಕುತ್ತಿದ್ದಳು. ಒಣಗಿದಾಗ ಅದು ಬಿಗಿಯಾಗುತ್ತದೆ, ಆದರೆ ಒಂದು ಕಡೆ ಬೇಗ ಒಣಗಿದರೆ ಇಡೀ ರೆಕ್ಕೆ ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಹಾಗಾದಾಗಲೆಲ್ಲ ಅಕ್ಕ ಆ ರೆಕ್ಕೆಯನ್ನು ಬಯ್ಯುತ್ತಿದ್ದಳು. "ಮೂವತ್ತನಾಲ್ಕು ವರ್ಷ ಸುಮ್ಮನಿದ್ದೆ, ಈಗ ನೀನೂ ಆಟ ಆಡಿಸ್ತೀಯಾ?" ಎಂದು ಒಂದು ಕಾಗದದ ರೆಕ್ಕೆಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಅಂಗಡಿಗೆ ಬಂದ ಗಿರಾಕಿಗಳು "ಇದೇನಮ್ಮ ಮಾಡ್ತಿದ್ದೀರಾ?" ಎಂದರೆ ನಾನೇ, "ಹೊತ್ತು ಹೋಗಬೇಕಲ್ಲ, ಏನೋ ಮಾಡ್ತಾಳೆ" ಎನ್ನುತ್ತಿದ್ದೆ.

ಮೊದಲ ನಾಲ್ಕು ವಿಮಾನ ಬಿದ್ದವು. ಒಂದಕ್ಕೆ ಬಾಲ ಭಾರ, ಇನ್ನೊಂದಕ್ಕೆ ಮೂತಿ ಭಾರ, ಮೂರನೆಯದರ ಹೊಟ್ಟೆಯಲ್ಲಿ ರಬ್ಬರ್ ಹರಿದು ಇಡೀ ಮೈ ಚೂರುಚೂರಾಯಿತು. ನಾಲ್ಕನೆಯದನ್ನು ಬೆಕ್ಕು ಹಾಳು ಮಾಡಿತು, ಅದು ಲೆಕ್ಕಕ್ಕಿಲ್ಲ. ಐದನೆಯದು, ಹಳದಿ ರೆಕ್ಕೆಯದು, ಶಾಲೆಯ ಮೈದಾನದಲ್ಲಿ ಗಾಳಿ ಏಳುವ ಮೊದಲು ದಿನಾ ಬೆಳಿಗ್ಗೆ ಹಾರತೊಡಗಿತು. ಜೊತೆಗೆ ಹೋಗುತ್ತಿದ್ದವಳು ನನ್ನ ಹೆಂಡತಿ. ನಾನು ಹೋಗಲಿಲ್ಲ. ಆ ಹೊತ್ತಿಗೆ ನನಗೆ ಅಂಗಡಿ ತೆಗೆಯುವ ಅವಸರ.

ಆಗಲೇ ತಾಂತ್ರಿಕ ಶಾಲೆಯ ಬೋರ್ಡಿನಲ್ಲಿ ಒಂದು ಚೀಟಿ ಬಿತ್ತು. ಸಂಜೆ ಹೊತ್ತು ಮಾದರಿ ವಿಮಾನ ಕಟ್ಟುವುದನ್ನು ದೊಡ್ಡವರಿಗೆ ಕಲಿಸುವ ತರಗತಿ ಶುರುವಾಗಲಿದೆ, ಕಲಿಸುವವರು ಬೇಕು. ಯಾವ ಸರ್ಟಿಫಿಕೇಟೂ ಬೇಡ. ತಾನೇ ಕಟ್ಟಿದ ವಿಮಾನವನ್ನು ಶಾಲೆಯ ಆಟದ ಹಾಲ್‌ನಲ್ಲಿ ಮುಕ್ಕಾಲು ನಿಮಿಷ ಗಾಳಿಯಲ್ಲಿ ನಿಲ್ಲಿಸಿ ತೋರಿಸಬೇಕು. ಚೀಟಿಯನ್ನು ಅಕ್ಕನಿಗೆ ತೋರಿಸಿದವಳೂ ನನ್ನ ಹೆಂಡತಿಯೇ. ಊಟಕ್ಕೆ ಕೂತಾಗ ಅಕ್ಕ ಹೇಳಿದಳು: "ನನಗೆ ಅದು ಬೇಕು. ಜನ ಎದುರಿಗೆ ಬಂದು ನಿಂತು ನನ್ನನ್ನೇ ಕೇಳಬೇಕು, ನಾನೇ ಹೇಳಬೇಕು. ಒಂದು ಸಲ ಮುಂದಿನ ಕೋಣೇಲಿ ಕೆಲಸ ಮಾಡಬೇಕು ಕಣೋ." ಅಕ್ಕ ಬೇಕು ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಗಾದರೂ ಮಾಡಿ ಅವಳಿಗೆ ಅದು ಸಿಗಲೇಬೇಕು ಎಂದು ನಿಶ್ಚಯಿಸಿಕೊಂಡೆ. ಅನಾಹುತ ಶುರುವಾದದ್ದು ಅಲ್ಲಿಂದ.

ಪರೀಕ್ಷೆಯ ದಿನ ಬೆಳಿಗ್ಗೆ ವಿಮಾನ ನನ್ನ ಅಂಗಡಿಯ ಮೇಜಿನ ಮೇಲಿತ್ತು. ಅಕ್ಕ ಮನೆಯಲ್ಲಿ ಸ್ನಾನಕ್ಕೆ ಹೋಗಿದ್ದಳು. ನಾನು ಸುಮ್ಮನೆ ನೋಡುತ್ತ ನಿಂತೆ. ಹಳದಿ ರೆಕ್ಕೆಗಳು, ಅವುಗಳ ನಡುವೆ ಕಡ್ಡಿ ಕಂಬಗಳು, ಕಂಬದಿಂದ ಕಂಬಕ್ಕೆ ಕಪ್ಪು ದಾರ. ಹೆಮ್ಮೆಯಾಯಿತು. ಆಮೇಲೆ ಕಣ್ಣು ಮೂತಿಗೆ ಬಿತ್ತು. ಪ್ರೊಪೆಲ್ಲರ್ ಕೂರುವ ಮೂತಿಯ ಬಿಲ್ಲೆ ಸೊಟ್ಟಗಿತ್ತು! ಪ್ರೊಪೆಲ್ಲರು ನೇರ ಮುಂದೆ ನೋಡುವ ಬದಲು ಚೂರು ಕೆಳಕ್ಕೆ, ಚೂರು ಬಲಕ್ಕೆ ನೋಡುತ್ತಿತ್ತು. ಬಿಲ್ಲೆಯನ್ನು ಹೊರಗೆಳೆದೆ. ಅದನ್ನು ಹಾಗೆ ಬಿಚ್ಚಿ ಹಾಕಬಹುದು. ಹಿಂಬದಿಯಲ್ಲಿ ಎರಡು ಪುಟ್ಟ ಚಕ್ಕೆಗಳು ಅಂಟಿಕೊಂಡಿದ್ದವು, ಒಂದು ಮೇಲೆ, ಇನ್ನೊಂದು ಎಡಕ್ಕೆ, ಉಗುರಿಗಿಂತ ತೆಳು.

ಪಾಪ, ಅಕ್ಕನಿಗೆ ಕಣ್ಣು ಮಂಜಾಗಿದೆ, ಚೂರುಪಾರು ಅಂಟಿಕೊಂಡಿದ್ದು ಕಂಡಿಲ್ಲ ಎಂದುಕೊಂಡೆ. ನನ್ನ ಅಂಗಡಿಯಿಂದ ಇಂಥ ಸೊಟ್ಟ ಮೂತಿ ಹೊರಗೆ ಹೋಗಿ, ಆ ಮೇಷ್ಟ್ರು ಅದನ್ನು ನೋಡಿ ನಕ್ಕರೆ? ಉಳಿಯ ತುದಿಯಿಂದ ಎರಡೂ ಚಕ್ಕೆ ಎಬ್ಬಿಸಿ ತೆಗೆದೆ. ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿದೆ. ಬಿಲ್ಲೆ ಕೂರಿಸಿ ಮೂಲೆಮಟ್ಟ ಇಟ್ಟು ನೋಡಿದೆ, ತೊಂಬತ್ತು ಡಿಗ್ರಿ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಈ ದಿನ ಅವಳ ಮನಸ್ಸು ಕುಗ್ಗುತ್ತದೆ, ಬೇಡ ಎಂದುಕೊಂಡೆ. ಉಪಕಾರ ಮಾಡಿ ಮರೆಸಿಡುವ ದೊಡ್ಡತನ ನನ್ನದು, ನೋಡಿ.

ಆಟದ ಹಾಲ್ ದೊಡ್ಡದು, ಎತ್ತರದ್ದು. ಗೋಡೆಯುದ್ದಕ್ಕೂ ಮರದ ಬೆಂಚುಗಳು, ನೆಲದಲ್ಲಿ ಬಣ್ಣಬಣ್ಣದ ಗೆರೆಗಳು. ವರ್ಕ್‌ಶಾಪ್ ಮೇಷ್ಟ್ರು ಒಂದು ಮೇಜು ಹಾಕಿಸಿಕೊಂಡು ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಅವರ ಜೊತೆ ಇನ್ನಿಬ್ಬರು ಅಧ್ಯಾಪಕರು. ಅಕ್ಕನನ್ನು ನೋಡಿದ ಕೂಡಲೇ ಮೇಷ್ಟ್ರು ನನ್ನ ಕಡೆ ತಿರುಗಿ, "ವಿಮಾನ ನೀವು ಕಟ್ಟಿದ್ದಾ?" ಎಂದರು. "ಇಲ್ಲ ಸಾರ್, ನಮ್ಮಕ್ಕ. ಹಲಗೆ ನಂದು" ಎಂದೆ. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ರಬ್ಬರ್ ತಿರುಚುವುದು ಇಬ್ಬರ ಕೆಲಸ. ನಾನು ವಿಮಾನದ ಮೈ ಹಿಡಿದು ನಿಂತೆ. ಅಕ್ಕ ಹರಳೆಣ್ಣೆ ಸವರಿದ ರಬ್ಬರ್ ಪಟ್ಟಿಯನ್ನು ಮೂತಿಯ ತೂತಿನಿಂದ ಹೊರಗೆಳೆದು, ಕೈಬೈರಿಗೆಯ ಕೊಕ್ಕೆಗೆ ಸಿಕ್ಕಿಸಿ, ಎಂಟು ಅಡಿ ದೂರ ಹೋಗಿ ತಿರುಗಿಸತೊಡಗಿದಳು. ತಿರುಗಿಸುತ್ತ, ಎಣಿಸುತ್ತ, ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಎಂಟುನೂರು ಸುತ್ತು. ಬಿಗಿದ ರಬ್ಬರನ್ನು ಅವಳು ಎರಡೂ ಕೈಯಲ್ಲಿ ಅದುಮಿ ಹಿಡಿದಾಗ, ಪ್ರೊಪೆಲ್ಲರಿನ ಕೊಕ್ಕೆಗೆ ಅದನ್ನು ಸಿಕ್ಕಿಸಿ ಬಿಲ್ಲೆಯನ್ನು ಒಳಗೆ ತಳ್ಳಿದ ಕೈ ನನ್ನದು. ಹಿಂಬದಿ ಅವಳಿಗೆ ಕಾಣಲಿಲ್ಲ.

ಅವಳು ವಿಮಾನ ಬಿಟ್ಟಳು. ಅದು ಮೂತಿ ಮೇಲೆತ್ತಿ ಚಾವಣಿಯ ಕಡೆ ನುಗ್ಗಿತು, ಗಕ್ಕನೆ ನಿಂತಿತು, ಎಡಕ್ಕೆ ಮಗುಚಿತು, ನೆಲಕ್ಕೆ ಬಡಿಯಿತು. ಎಲ್ಲ ಸೇರಿ ನಾಲ್ಕು ಸೆಕೆಂಡು. ಮೇಲಿನ ರೆಕ್ಕೆ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಬೆಂಚಿನ ಕೆಳಗೆ ಒಂದು ಚಕ್ರ ಉರುಳುತ್ತ ಹೋಯಿತು.

ಮೇಷ್ಟ್ರು ಸ್ಟಾಪ್‌ವಾಚ್ ಮೇಜಿನ ಮೇಲಿಟ್ಟು, "ಆಯ್ತು, ಬಿಡಿ. ವಯಸ್ಸಾದ ಕೈ" ಎಂದು ನನಗೆ ಹೇಳಿದರು. ನನಗೇ! ನನ್ನ ಸಿಟ್ಟು ನೆತ್ತಿಗೇರಿತು. ಆಮೇಲೆ ನಾನು ಆಡಿದ ಮಾತುಗಳು ಒಂದೆರಡಲ್ಲ. "ಯಾವನ್ರೀ ಫ್ಯಾನ್ ಹಾಕಿದ್ದು?" ಎಂದು ಕೂಗಿದೆ. ಯಾವ ಫ್ಯಾನೂ ತಿರುಗುತ್ತಿರಲಿಲ್ಲ. "ಹಾಗಾದ್ರೆ ನಿಮ್ಮ ಹಾಲೇ ಸರಿ ಇಲ್ಲ" ಎಂದೆ. ಕಸ ಗುಡಿಸಲು ಬಂದಿದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು, ಅವಳು ಅಡ್ಡ ಬಂದದ್ದೇ ಕಾರಣ ಎಂದು ಅವಳನ್ನೂ ಬಿಡಲಿಲ್ಲ. ಮೇಷ್ಟ್ರು, "ಸಮಾಧಾನ ಮಾಡ್ಕೊಳ್ಳಿ, ಕಟ್ಟೋದರಲ್ಲೇ ಏನೋ ತಪ್ಪಿರಬೇಕು" ಎಂದರು. ನಾನು ಮೇಜು ಗುದ್ದಿದೆ.

"ತಪ್ಪಾ? ನಮ್ಮಕ್ಕನ ಕೆಲಸದಲ್ಲಿ ತಪ್ಪಾ? ಇವತ್ತು ಬೆಳಿಗ್ಗೆ ಆ ಮೂತಿ ಸೊಟ್ಟ ಇತ್ತು, ಚಕ್ಕೆ ಕಿತ್ತು ನಾನೇ ನನ್ನ ಕೈಯಾರೆ ನೆಟ್ಟಗೆ ಮಾಡಿದ್ದೀನಿ! ಮೂಲೆಮಟ್ಟ ಇಟ್ಟು ನೋಡಿದ್ದೀನಿ! ತೊಂಬತ್ತು ಡಿಗ್ರಿ ಸಾರ್, ತೊಂಬತ್ತು!"

ನೆಲದ ಮೇಲೆ ಮಂಡಿಯೂರಿ ಚೂರುಗಳನ್ನು ಆಯುತ್ತಿದ್ದ ಅಕ್ಕನ ಕೈ ನಿಂತಿತು. ಅವಳು ಮೂತಿಯ ಬಿಲ್ಲೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಹಿಂಬದಿಯನ್ನು ಸವರಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನಾನಿಲ್ಲಿ ಬರೆಯುವುದಿಲ್ಲ. ಏನು ಮಾಡಿದ್ದೇನೆಂದು ನನಗಿನ್ನೂ ತಿಳಿದಿರಲಿಲ್ಲ, ಆದರೆ ಏನೋ ಮಾಡಿದ್ದೇನೆ ಎಂದು ತಿಳಿಯಿತು. ಗುದ್ದಿದ ಮೇಜಿನ ಮೇಲಿಂದ ಕೈ ತೆಗೆದೆ.

ಚೂರುಗಳನ್ನು ಎದೆಗವಚಿಕೊಂಡು ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆ ಬಾಗಿಲು ಹಾಕಿದ ಮೇಲೆ ಶುರುವಾಯಿತು.

"ರಬ್ಬರ್ ಬಿಚ್ಚಿಕೊಳ್ಳುವಾಗ ಮೊದಲು ಒದೆಯುತ್ತೆ. ಆ ಒದೆತಕ್ಕೆ ಮೂತಿ ಮೇಲೇಳುತ್ತೆ, ಮೈ ಎಡಕ್ಕೆ ಮಗುಚುತ್ತೆ. ಅದಕ್ಕೇ ಮೂತಿನ ಕೆಳಕ್ಕೆ, ಬಲಕ್ಕೆ ಓರೆ ಮಾಡಿರ್ತಾರೆ. ಎಷ್ಟು ಓರೆ ಅಂತ ಯಾವ ನಕ್ಷೇಲೂ ಇರಲ್ಲ. ಹಾರಿಸಿ ಹಾರಿಸಿ ನೋಡಬೇಕು. ಹತ್ತೊಂಬತ್ತು ದಿನ ಆ ಮೈದಾನದಲ್ಲಿ ಆ ಎರಡು ಚಕ್ಕೇನ ಹೆರೆದಿದ್ದೀನಿ ನಾನು. ಹತ್ತೊಂಬತ್ತು ದಿನ! ನೀನು ಅದನ್ನ ಎಷ್ಟು ಹೊತ್ತಲ್ಲಿ ಕಿತ್ತೆ?"

"ಹತ್ತು ನಿಮಿಷ" ಎಂದೆ. ಸುಳ್ಳು ಹೇಳಲು ಆಗಲಿಲ್ಲ.

"ಕೇಳಬೇಕು ಅನ್ನಿಸಲಿಲ್ವಾ? ಅಕ್ಕ, ಇದು ಯಾಕೆ ಹೀಗಿದೆ ಅಂತ? ಒಂದು ಮಾತು?"

"ನಿನಗೆ ಕಣ್ಣು ಮಂಜಾಗಿದೆ ಅಂದ್ಕೊಂಡೆ."

"ನನ್ನ ಕಣ್ಣು, ನನ್ನ ಮಂಡಿ, ನನ್ನ ಕೈ, ಎಲ್ಲಾ ನಿನಗೇ ಗೊತ್ತು. ಆ ಡಾಕ್ಟ್ರು ವಾಸಿ ಕಣೋ. ಅವರು ನನ್ನ ಕೆಲಸಾನ ತಮ್ಮದು ಅಂತ ಹೇಳಿಕೊಂಡ್ರು, ಆದ್ರೆ ಕೆಡಿಸಲಿಲ್ಲ!"

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಪರವಾಗಿ ಒಂದು ಮಾತು ಬರುತ್ತದೇನೋ ಎಂದು ಅವಳ ಕಡೆ ನೋಡಿದೆ. "ಸರಿಯಾಗಿ ಹೇಳಿದ್ರಿ ಅತ್ತಿಗೆ" ಎಂದಳು.

ನಾನು ಈಗಲೇ ಶಾಲೆಗೆ ಓಡಿ ಎಲ್ಲ ಬಿಡಿಸಿ ಹೇಳಿ ಬರುತ್ತೇನೆ ಎಂದು ಚಪ್ಪಲಿ ಹುಡುಕಿದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ನೀನು ಹೋಗಿ ಹೇಳಿ, ನಿನ್ನ ಮಾತಿನ ಮೇಲೆ ಅವರು ನನ್ನ ಕರೆದ್ರೆ, ನಾನು ಆ ಕಡೆ ತಲೆ ಹಾಕಿ ಮಲಗಲ್ಲ. ಇದನ್ನೂ ನೀನೇ ಸರಿ ಮಾಡಬೇಡ." ಚಪ್ಪಲಿ ಕೈಯಲ್ಲಿ ಹಿಡಿದು ಇಂಗು ತಿಂದ ಮಂಗನಂತೆ ನಿಂತೆ. ಹೋದರೆ ಅದೇ ತಪ್ಪು, ಹೋಗದಿದ್ದರೆ ಹೇಡಿತನ. ಅಂಥ ಇಕ್ಕಟ್ಟು ಶತ್ರುವಿಗೂ ಬೇಡ.

ಮರುದಿನ ಅವಳೇ ಹೋದಳು, ನನ್ನ ಹೆಂಡತಿಯನ್ನು ಕರೆದುಕೊಂಡು. ಅಲ್ಲಿ ನಡೆದದ್ದನ್ನು ಹೆಂಡತಿ ನನಗೆ ಹೇಳಿದ್ದು ನಾಲ್ಕು ದಿನ ಸತಾಯಿಸಿದ ಮೇಲೆ. ಮೇಷ್ಟ್ರು ಮೊದಲು, "ಇನ್ನೇನಮ್ಮ, ನಿಮ್ಮ ತಮ್ಮನವರೇ ಒಪ್ಕೊಂಡ್ರಲ್ಲ, ಮೂತಿ ಸೊಟ್ಟ ಇತ್ತು ಅಂತ" ಎಂದರಂತೆ. ಅಕ್ಕ ಆ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೇಳಿದಳಂತೆ: "ನನ್ನ ವಿಮಾನ ಬಿದ್ದಾಗ ನೀವು ಮೂರು ಜನ ಇದ್ರಿ. ಯಾಕೆ ಬಿತ್ತು ಅಂತ ಒಬ್ಬರೂ ನನ್ನ ಕೇಳಲಿಲ್ಲ. ಕಲಿಸೋ ಜಾಗದಲ್ಲಿ ಕೂತು ಅದನ್ನೇ ಕೇಳದಿದ್ರೆ ಇನ್ನೇನು ಕೇಳ್ತೀರಾ ನೀವು?" ಮೇಷ್ಟ್ರ ಮುಖ ಕೆಂಪಾಯಿತಂತೆ. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಅದೇ ಹಾಲ್, ಅದೇ ಮುಕ್ಕಾಲು ನಿಮಿಷ, ಆರು ವಾರ ಬಿಟ್ಟು ಇನ್ನೊಂದೇ ಸಲ ಎಂದರಂತೆ. ಈ ಸಲ ಬಿದ್ದರೆ ತರಗತಿ ಇನ್ನೊಬ್ಬರ ಪಾಲು.

ಆರು ವಾರ ನಾನು ನನ್ನ ಮನೆಯಲ್ಲೇ ಪರಕೀಯನಾದೆ. ಅಕ್ಕ ಅಂಗಡಿಯ ಮೂಲೆ ಖಾಲಿ ಮಾಡಿ ಹಲಗೆಯನ್ನು ಊಟದ ಮೇಜಿನ ಮೇಲೆ ಹಾಕಿಕೊಂಡಳು. ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು. ನಾನು ಆ ಕೋಣೆ ದಾಟಿ ಹೋಗಬೇಕಾದರೆ ಕೈ ಹಿಂದೆ ಕಟ್ಟಿಕೊಂಡು ಹೋಗಬೇಕು. ಇದು ಹೆಂಡತಿ ಮಾಡಿದ ಕಾನೂನು. ಹೊಟ್ಟೆ ಉರಿಯಿತು. ತಪ್ಪು ನನ್ನದೇ ಎಂದು ಗೊತ್ತಿದ್ದವನಿಗೆ ಬರುವ ಸಿಟ್ಟಿದೆಯಲ್ಲ, ಅದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಒಂದು ದಿನ ಕಪಾಟಿನ ಬಾಗಿಲೊಂದನ್ನು ಎರಡು ಬೆರಳಗಲ ಗಿಡ್ಡ ಕೊಯ್ದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ.

ಹೊಸ ವಿಮಾನದ ರೆಕ್ಕೆ ಕೆಂಪು. ಈ ಸಲ ಅಕ್ಕ ಬಯ್ಯಲಿಲ್ಲ. ತುಟಿ ಬಿಗಿದುಕೊಂಡು ಕಟ್ಟಿದಳು, ಬೆಳಿಗ್ಗೆ ಮೈದಾನಕ್ಕೆ ಹೋಗಿ ಬಂದು ಚಾಕು ತೆಗೆದುಕೊಂಡು ಕೂತಳು. ಮೈದಾನದಲ್ಲಿ ಅರ್ಧದಷ್ಟೇ ಸುತ್ತು ತಿರುಚುತ್ತಿದ್ದಳು, ಅಷ್ಟಕ್ಕೆ ನನ್ನ ಹೆಂಡತಿ ಹಿಡಿದರೆ ಸಾಕಿತ್ತು. ಪರೀಕ್ಷೆಗೆ ಎರಡು ದಿನ ಇದ್ದಾಗ ಪೂರ್ತಿ ಎಂಟುನೂರು ಸುತ್ತು ತಿರುಚಿ ನೋಡಿದರು. ಬಿಗಿದ ರಬ್ಬರ್ ಜಗ್ಗಿದ ರಭಸಕ್ಕೆ ನನ್ನ ಹೆಂಡತಿ ಹೆದರಿ ಕೈ ಬಿಟ್ಟಳು. ವಿಮಾನ ಅಕ್ಕನ ಎದೆಗೆ ಬಂದು ಬಡಿಯಿತು. ಪುಣ್ಯಕ್ಕೆ ಒಂದು ಕಂಬ ಮಾತ್ರ ಮುರಿಯಿತು. ಸಂಜೆ ಅಕ್ಕ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಹಿಡಿಯೋದಕ್ಕೆ ಗಟ್ಟಿ ಕೈ ಬೇಕು. ನೀನೇ ಬರಬೇಕು, ಬೇರೆ ಗತಿ ಇಲ್ಲ."

"ಬರ್ತೀನಿ."

"ಮೈ ಮಾತ್ರ ಹಿಡೀಬೇಕು. ಮೂತಿ ನಾನೇ ಹಾಕ್ತೀನಿ. ಏನೇ ಕಂಡರೂ ಕೈ ಹಾಕಬೇಡ. ಬಾಯೂ ಹಾಕಬೇಡ."

"ಆಯ್ತು" ಎಂದೆ. ಅವಳು ಹೊರಟು ಹೋದಳು.

ಮೂವತ್ತು ಕೇಜಿಯ ಬಾಗಿಲನ್ನು ಒಬ್ಬನೇ ಎತ್ತಿ ಚೌಕಟ್ಟಿಗೆ ಕೂರಿಸಿದವನು ನಾನು. ಆ ದಿನ ಆ ಹಾಲ್‌ನಲ್ಲಿ, ಒಂದು ಸೌತೆಕಾಯಿಯಷ್ಟೂ ತೂಕವಿಲ್ಲದ ಕಾಗದದ ವಿಮಾನವನ್ನು ಹಿಡಿದು ನಿಂತಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಅಕ್ಕ ತಿರುಗಿಸುತ್ತ ಹತ್ತಿರ ಬಂದಳು. ಬಿಗಿದ ರಬ್ಬರಿನ ತುದಿಯನ್ನು ಎಡಗೈಯಲ್ಲಿ ಅದುಮಿ, ಬಲಗೈಯಿಂದ ಕೊಕ್ಕೆಗೆ ಸಿಕ್ಕಿಸಿ, ಬಿಲ್ಲೆಯನ್ನು ತಾನೇ ಒಳಗೆ ತಳ್ಳಿದಳು. ಎರಡು ಚಕ್ಕೆಗಳೂ ನನ್ನ ಮೂಗಿನ ಕೆಳಗೇ ಇದ್ದವು. ಮೂತಿ ಕೆಳಕ್ಕೆ, ಬಲಕ್ಕೆ ಓರೆಯಾಗಿ ನಿಂತಿತು. ನಿಜ ಹೇಳುತ್ತೇನೆ, ಎಲ್ಲ ತಿಳಿದ ಮೇಲೂ ನನ್ನ ಹೆಬ್ಬೆರಳುಗಳು ಅದನ್ನು ನೆಟ್ಟಗೆ ಮಾಡಲು ತವಕಿಸಿದವು. ಹಲ್ಲು ಕಚ್ಚಿ ಮೈಯನ್ನೇ ಬಿಗಿಯಾಗಿ ಹಿಡಿದೆ.

ಅವಳು ನನ್ನ ಕೈಯಿಂದ ವಿಮಾನ ತೆಗೆದುಕೊಂಡು, ತುಸು ಕೆಳಮುಖ ಮಾಡಿ, ತಳ್ಳದೆ ಸುಮ್ಮನೆ ಬಿಟ್ಟಳು. ಅದು ಎಡಕ್ಕೆ ದೊಡ್ಡ ಸುತ್ತು ಹಾಕುತ್ತ ಏರಿತು. ಒದೆತ ಮುಗಿಯುವವರೆಗೂ ಆ ಓರೆ ಮೂತಿ ಅದರ ಕಿವಿ ಹಿಡಿದು ಕೂರಿಸಿದಂತೆ ತಡೆದು ನಿಲ್ಲಿಸಿತು. ಇಪ್ಪತ್ತು ಸೆಕೆಂಡಿಗೆ ಚಾವಣಿಯ ಕಬ್ಬಿಣದ ತೊಲೆಗಳ ಹತ್ತಿರ ಇತ್ತು. ಮೂವತ್ತಕ್ಕೆ ಅಲ್ಲೇ ಸುತ್ತುತ್ತಿತ್ತು. ಮೇಷ್ಟ್ರು ಎದ್ದು ನಿಂತರು. ನಲವತ್ತೈದು ದಾಟಿದಾಗ ಅದು ಇನ್ನೂ ನಮ್ಮ ತಲೆಗಿಂತ ಮೇಲಿತ್ತು, ಪ್ರೊಪೆಲ್ಲರ್ ನಿಧಾನವಾಗಿ ಟಪಟಪ ಎನ್ನುತ್ತ. ಐವತ್ತೆಂಟಕ್ಕೆ ನೀಲಿ ಗೆರೆಯ ಮೇಲೆ ಚಕ್ರ ಊರಿ ನಿಂತಿತು. ನನಗೆ ಅಳು ಬಂತು. ಬಾಯಿ ಹಾಕಬೇಡ ಎಂದಿದ್ದಳಲ್ಲ, ಅದನ್ನೂ ನುಂಗಿದೆ.

ಮೇಷ್ಟ್ರು ಮೇಜು ಬಳಸಿ ಬಂದರು. ಅಕ್ಕ ವಿಮಾನ ಎತ್ತಿಕೊಂಡು ನಿಂತಿದ್ದಳು. ಅವರು ಅವಳನ್ನು ದಾಟಿ ನೇರ ನನ್ನ ಹತ್ತಿರ ಬಂದು, "ಆ ಮೂತಿನ ಎಷ್ಟು ಓರೆ ಇಡಬೇಕು ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಹತ್ತೊಂಬತ್ತು ದಿನದ ಲೆಕ್ಕ ಬಾಯಿಪಾಠವಾಗಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. "ಅವರನ್ನ ಕೇಳಿ" ಎಂದೆ.

ಮೇಷ್ಟ್ರು ತಿರುಗಿದರು. ಇನ್ನಿಬ್ಬರು ಅಧ್ಯಾಪಕರೂ ಹತ್ತಿರ ಬಂದರು. ಅಕ್ಕ ವಿಮಾನವನ್ನು ಬೆಳಕಿಗೆ ಹಿಡಿದಳು.

"ಹೇಳ್ತೀನಿ. ಅದಕ್ಕೂ ಮೊದಲು ಇಲ್ಲಿ ನೋಡಿ" ಎಂದಳು. ವಿಮಾನದ ಮೈಯ ಎರಡೂ ಪಕ್ಕದಲ್ಲಿ, ನಾನು ಹಿಡಿದಿದ್ದ ಜಾಗದಲ್ಲಿ, ಕೆಂಪು ಕಾಗದ ಹರಿದು ಎರಡು ಹೆಬ್ಬೆರಳಿನಗಲದ ತೂತುಗಳಾಗಿದ್ದವು. "ಇದು ಮೊದಲನೇ ಪಾಠ. ಹೇಗೆ ಹಿಡೀಬಾರದು ಅಂತ."

ಮೂವರೂ ಬಗ್ಗಿ ತೂತುಗಳನ್ನು ನೋಡಿದರು, ಆಮೇಲೆ ನನ್ನ ಕೈಗಳನ್ನು. ನನಗೆ ಮೈಯೆಲ್ಲ ಉರಿಯಿತು. ಕೈ ಹಿಂದೆ ಕಟ್ಟಿಕೊಂಡು ನಿಂತು ಪೂರ್ತಿ ಪಾಠ ಕೇಳಿದೆ.